ಲೀಡ್ಸಿನಲ್ಲೊಂದು ಬೀಗರೂಟ

ನಮ್ಮ ಹಾಸನದ ಕಡೆ ಮದುವೆಗೆ ಸಿಹಿಯೂಟ, ಮದುವೆ ಮುಗಿದ ಮೇಲೆ ಬೀಗರೂಟ. ಮದುವೆಯಲ್ಲಿ ಪಾಯಸ ಹೇಗಿತ್ತು ಎಂದು ಯಾರೂ ವಿಚಾರಿಸುವುದಿಲ್ಲ. ಬೀಗರೂಟದಲ್ಲಿ ಬೋಟಿಗೊಜ್ಜು ಎಲೆಗೆ ಬೀಳಲಿಲ್ಲ ಎಂಬ ಒಂದೇ ಕಾರಣಕ್ಕೆ ಮಾತು ಬಿಟ್ಟವರನ್ನು ಮಾತ್ರ ನಾನು ಬಲ್ಲೆ. ಎಷ್ಟು ಕುರಿ ಬಿದ್ದವು, ತಲೆಮಾಂಸ ಯಾರ ಪಾಲಾಯಿತು, ಕೊನೇ ಪಂಕ್ತಿಯ ಹೊತ್ತಿಗೆ ಸಾರಿಗೆ ಎಷ್ಟು ಚೊಂಬು ನೀರು ಬಿತ್ತು, ಇದೆಲ್ಲ ಮೊಮ್ಮಕ್ಕಳ ಕಾಲಕ್ಕೂ ನೆನಪಿರುತ್ತದೆ.

ಹೀಗಿರುವಾಗ ಲೀಡ್ಸಿನಲ್ಲಿರುವ ನಮ್ಮ ಮಗಳು ಯಾರ್ಕ್‌ಷೈರಿನ ಹುಡುಗನನ್ನು ಮದುವೆಯಾದಳು. ರಿಜಿಸ್ಟರ್ ಆಫೀಸಿನಲ್ಲಿ ಸಹಿ, ಹೋಟೆಲಿನಲ್ಲಿ ಕೇಕು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು. ಆರು ತಿಂಗಳ ವಿಸಿಟರ್ ವೀಸಾದಲ್ಲಿ ಬಂದಿದ್ದ ನಮ್ಮತ್ತೆ ಮುಗಿಯಲು ಬಿಡಲಿಲ್ಲ. "ಬೀಗರಿಗೆ ಒಂದು ತುತ್ತು ಬಾಡು ಇಕ್ಕದೇ ಹೆಣ್ಣು ಕೊಟ್ರು ಅಂತ ಊರಿಗೆ ಹೋಗಿ ಹೇಳ್ಲಾ?" ಎಂದರು.

ಬಾಡು ಎಂದರೆ ಯಾವ ಬಾಡು? ಮಟನ್ ಸಾರು ಮಾಡೋಣವೆಂದರೆ, ಬೀಗಿತ್ತಿಯವರು ಹಿಂದೊಮ್ಮೆ ನಮ್ಮ ಕೋಳಿಸಾರಿನ ಒಂದೇ ಚಮಚಕ್ಕೆ ಮುಖ ಕೆಂಪಗೆ ಮಾಡಿಕೊಂಡು, ಕಣ್ಣೀರು ಒರೆಸಿಕೊಳ್ಳುತ್ತಲೇ "ಲವ್ಲಿ, ಲವ್ಲಿ" ಎಂದಿದ್ದರು. ಆದ್ದರಿಂದ ನಮ್ಮ ಯಜಮಾನರು ತೀರ್ಪು ಕೊಟ್ಟರು: ಬೀಗರೂಟವೆಂದರೆ ಬೀಗರು ಉಣ್ಣುವಂಥ ಊಟ, ಅವರಿಗೆ ಏನಿಷ್ಟವೋ ಅದೇ ಆಗಲಿ. ಅಳಿಯನನ್ನು ಕೇಳಿದರು. ಅವನು ಯೋಚನೆಯನ್ನೇ ಮಾಡದೆ, "ಅಪ್ಪನಿಗೆ ಬೀಫ್ ಸ್ಟ್ಯೂ, ಜೊತೆಗೆ ಮ್ಯಾಶ್ ಇದ್ದರೆ ಬೇರೇನೂ ಬೇಡ" ಎಂದುಬಿಟ್ಟ.

ನಮ್ಮದು ಕುರಿ, ಕೋಳಿ, ಮೀನು ತಿನ್ನುವ ಮನೆ. ದನ ತಿನ್ನುವ ಮನೆಯಲ್ಲ. ಯಜಮಾನರು ಇಷ್ಟು ವರ್ಷ ಆಫೀಸಿನ ಕ್ಯಾಂಟೀನಿನಲ್ಲಿ ಏನೇನು ತಿಂದಿದ್ದಾರೋ ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಸಂಸಾರಗಳು ನಡೆಯುವುದೇ ಹೀಗೆ. ಧೈರ್ಯಕ್ಕೆಂದು ಅವರು ಮಂಗಳೂರಿನ ಕಡೆಯ ಕ್ರಿಶ್ಚಿಯನ್ ಗೆಳೆಯರೊಬ್ಬರಿಗೆ ಫೋನು ಮಾಡಿದರು. ಅವರ ಮನೆಯಲ್ಲಿ ಅಜ್ಜಿಯ ಕಾಲದಿಂದಲೂ ಇದು ಭಾನುವಾರದ ಅಡುಗೆ. "ಇದರಲ್ಲಿ ಕೇಳೋದೇನಿದೆ ಮಾರಾಯ್ರೆ, ಬೇಯಿಸಿ, ಬಡಿಸಿ" ಎಂದು ನಕ್ಕರಂತೆ.

ಅತ್ತೆಗೆ ಹೇಳುವ ಕೆಲಸ ನನ್ನ ಪಾಲಿಗೆ ಬರುತ್ತದೆಂದು ಹೆದರಿದ್ದೆ. ಮಗನೇ ಹೇಳಿದರು, ಸುತ್ತಿ ಬಳಸಿ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಿ, ಇಲ್ಲಿ ದನ ಹೆಂಗಿರ್ತವೆ ತೋರ್ಸು" ಎಂದರು. ಯಜಮಾನರು ಫೋನಿನಲ್ಲಿ ಹೆರ್‌ಫರ್ಡ್ ತಳಿಯ ಹೋರಿಯ ಚಿತ್ರ ತೆಗೆದುಕೊಟ್ಟರು. ಕೆಂಪು ಮೈ, ಬಿಳಿ ಮುಖ, ಹಲಗೆಯಂಥ ಬೆನ್ನು. ಹಳ್ಳಿಕಾರ್ ಎತ್ತು ಕಟ್ಟಿ ಬೇಸಾಯ ಮಾಡಿದ ಹೆಂಗಸು ಕನ್ನಡಕ ಹಾಕಿಕೊಂಡು ಅದನ್ನು ಜಾತ್ರೆಯಲ್ಲಿ ವ್ಯಾಪಾರಕ್ಕೆ ನಿಂತವರ ಹಾಗೆ ಪರೀಕ್ಷೆ ಮಾಡಿದರು.

"ಹಿಣಿಲಿಲ್ಲ. ಗಂಗೆದೊಗಲೂ ಇಲ್ಲ. ಕೊಂಬು ನೋಡಿದ್ರೆ ಕಿವಿ ಥರ ಜೋತು ಬಿದ್ದವೆ. ಇದನ್ನ ದನ ಅಂತ ಯಾರ್ಲಾ ಹೇಳಿದ್ದು?"

ನಗಬೇಡಿ, ವಿಜ್ಞಾನವೂ ಹೆಚ್ಚುಕಡಿಮೆ ಅತ್ತೆಯ ಪಕ್ಷವೇ. ಹಿಣಿಲಿರುವ ನಮ್ಮ ದನ ಸಿಂಧೂ ಕಣಿವೆಯ ಸುತ್ತಿನಲ್ಲಿ ಪಳಗಿದ್ದು, ಹಿಣಿಲಿಲ್ಲದ ಯುರೋಪಿನ ದನದ ಮೂಲ ಪಶ್ಚಿಮ ಏಷ್ಯಾ. ಎರಡೂ ಬೇರೆ ಬೇರೆ ಕವಲು. ಧರ್ಮಸೂಕ್ಷ್ಮ ಹೀಗೆ ಬಗೆಹರಿಯಿತು. ಅತ್ತೆ ಷರತ್ತು ಹಾಕಿದರು: ನನ್ನ ಪಾತ್ರೆ ಮುಟ್ಟಬೇಡಿ, ನಾನು ತಿನ್ನುವುದಿಲ್ಲ, ನನಗೆ ಕೋಳಿಸಾರು, ಮುದ್ದೆ. ನಾನೂ ಅದೇ ಪಂಕ್ತಿಗೆ ಸೇರಿಕೊಂಡೆ.

ಯಜಮಾನರು ಲೀಡ್ಸಿನ ಕರ್ಕ್‌ಗೇಟ್ ಮಾರುಕಟ್ಟೆಗೆ ಹೊರಟರು. 1884ರಲ್ಲಿ ಮೈಕೆಲ್ ಮಾರ್ಕ್ಸ್ ಎಂಬಾತ ಒಂದು ಪೆನ್ನಿ ಅಂಗಡಿ ಹಾಕಿ, ಮುಂದೆ ಅದು ಮಾರ್ಕ್ಸ್ ಅಂಡ್ ಸ್ಪೆನ್ಸರ್ ಆಗಿ ಬೆಳೆದದ್ದು ಇದೇ ಮಾರುಕಟ್ಟೆಯಿಂದ. ಅಲ್ಲಿ ಮಾಂಸದಂಗಡಿಗಳದ್ದೇ ಒಂದು ಸಾಲಿದೆ. ಊರಿನ ಅಭ್ಯಾಸಬಲ, "ಎಳೇದು ನೋಡಿ ಕೊಡಿ" ಎಂದರಂತೆ. ಅಂಗಡಿಯವನು ತಲೆಯಾಡಿಸಿ, ಸ್ಟ್ಯೂಗೆ ಎಳೇದು ದಂಡ, ಶಿನ್ ಒಯ್ಯಿ ಎಂದನಂತೆ. ಶಿನ್ ಎಂದರೆ ಮೊಣಕಾಲಿನ ಕೆಳಗಿನ ಮಾಂಸ. ಜೀವಮಾನವಿಡೀ ನಡೆದು ನಡೆದು ಗಟ್ಟಿಯಾದದ್ದು, ನಡುವೆಲ್ಲ ಬಿಳಿ ನರ. ಮೂರು ಗಂಟೆ ಸಣ್ಣ ಕಾವಿನಲ್ಲಿ ಬಿಟ್ಟರೆ ಆ ನರವೆಲ್ಲ ಕರಗಿ ರಸ ಅಂಟಂಟಾಗಿ ತುಟಿಗೆ ಹತ್ತುತ್ತದೆ. ಅವಸರ ಮಾಡಿದರೆ ಹಲ್ಲಿಗೆ ಕೆಲಸ.

ಮನೆಗೆ ಬಂದು ಏಪ್ರನ್ ಕಟ್ಟಿಕೊಂಡ ನಮ್ಮವರನ್ನು ನೋಡಬೇಕಿತ್ತು. ಒಂದು ಸಲಕ್ಕೂ ಸ್ವಂತ ಬುದ್ಧಿ ಓಡಿಸಲಿಲ್ಲ. ಅಂಗಡಿಯವನು ಹೇಳಿದಂತೆ ತುಂಡುಗಳ ನೀರು ಒರೆಸಿ, ಮೈದಾ ಸವರಿ, ನಾಲ್ಕು ನಾಲ್ಕೇ ತುಂಡು ಹಾಕಿ ಕೆಂಪಗೆ ಹುರಿದರು. ಹೊಗೆ ಎದ್ದು ಚಾವಣಿಯ ಅಲಾರಂ ಕೂಗಿಕೊಂಡಾಗ ಅದಕ್ಕೂ ಸಾರಿ ಹೇಳಿದರು. ಈರುಳ್ಳಿ, ಕ್ಯಾರೆಟ್, ಸೆಲರಿ, ಪಲಾವಿನ ಎಲೆಯಂಥದೊಂದು ಎಲೆ, ಒಂದು ಬಾಟಲಿ ಏಲ್. ಕೊನೆಗೆ ನಾಲ್ಕು ಹನಿ ವೂಸ್ಟರ್ ಸಾಸ್. ಆ ಬಾಟಲಿಯನ್ನು ಮೂಸಿದ ಅತ್ತೆ "ಹುಣಸೇಹಣ್ಣು!" ಎಂದರು. ಮಗಳು ಲೇಬಲ್ ಓದಿದಳು. ಹೌದು, 1837ರಿಂದ ಇಂಗ್ಲಿಷರು ಇಷ್ಟಪಟ್ಟು ಸುರಿದುಕೊಳ್ಳುತ್ತಿರುವ ಆ ಸಾಸಿನಲ್ಲಿ ಹುಣಸೇಹಣ್ಣಿದೆ. ಆಂಚೊವಿ ಎಂಬ ಸಣ್ಣ ಮೀನೂ ಇದೆ. ಅತ್ತೆಗೆ ಬೀಗರ ಮೇಲೆ ಗೌರವ ಒಂದು ತೂಕ ಹೆಚ್ಚಿತು.

ಬೀಡಿನ ಭಾರದ ಪಾತ್ರೆ ಮುಚ್ಚಳ ಹಾಕಿಸಿಕೊಂಡು ಅವನ್ ಸೇರಿತು.

"ಎಷ್ಟು ಕೂಗು ಕೂಗಿಸ್ಬೇಕ್ಲಾ?"

"ಇದು ಕೂಗಲ್ಲ ಅವ್ವ. ಮೂರು ಗಂಟೆ ಸುಮ್ನೆ ಇರ್ತದೆ."

"ಓ, ಕಾಲುಸೂಪಿನ ಹಂಗೆ ಅನ್ನು" ಎಂದರು ಅತ್ತೆ. ಅಂಗಡಿಯವನ ಪಾಠವೆಲ್ಲ ಒಂದು ಮಾತಿನಲ್ಲಿ ಮುಗಿಯಿತು.

ಇಲ್ಲಿಯವರೆಗೆ ಒಂದು ಜಗಳವಿಲ್ಲ, ಒಂದು ಎತ್ತರದ ಮಾತಿಲ್ಲ. ಕಾರಣ ಸರಳ. ಗೋಮಾಂಸದ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲದವರು ಹೇಳಿದಂತೆ ಕೇಳುತ್ತಾರೆ. ಆಲೂಗಡ್ಡೆ ಹಾಗಲ್ಲ. ಆಲೂಗಡ್ಡೆ ಎಲ್ಲರಿಗೂ ಗೊತ್ತು. ಹೊರನಾಡಿನಲ್ಲಿ ಸಂಸಾರ ಒಡೆಯುವುದು ಪರದೇಶದ ಪದಾರ್ಥದಿಂದ ಎಂದು ಊರಿನವರು ಭಾವಿಸಿದ್ದಾರೆ. ಅಲ್ಲವೇ ಅಲ್ಲ, ಊರಲ್ಲೂ ಇಲ್ಲೂ ಸಿಗುವ ಪದಾರ್ಥದಿಂದ.

ಮೊದಲು ತಳಿಯ ಜಗಳ. ಮಗಳು ಮ್ಯಾರಿಸ್ ಪೈಪರ್ ತಂದಿದ್ದಳು. 1966ರಲ್ಲಿ ಬಂದು ಬ್ರಿಟನ್ನಿನ ಅಡುಗೆಮನೆ ಆಳುತ್ತಿರುವ ಗಡ್ಡೆ, ಬೇಯಿಸಿದರೆ ಹಿಟ್ಟಾಗಿ ಉದುರುತ್ತದೆ. ಅಳಿಯ ಕಿಂಗ್ ಎಡ್ವರ್ಡ್ ತಂದಿದ್ದ, ಅದು 1902ರ ತಳಿ, ಆ ವರ್ಷ ಪಟ್ಟಾಭಿಷೇಕವಾದ ಏಳನೇ ಎಡ್ವರ್ಡನ ಹೆಸರು. ಅತ್ತೆ ಎರಡನ್ನೂ ಉಗುರಿನಲ್ಲಿ ಗೀರಿ ನೋಡಿ, ನಮ್ಮ ಕುಫ್ರಿ ಜ್ಯೋತಿಯ ಮುಂದೆ ಇವ್ಯಾವ ಲೆಕ್ಕ ಎಂದರು. ಕುಫ್ರಿ ಇರುವುದು ಶಿಮ್ಲಾದ ಹತ್ತಿರ, ಬಿತ್ತನೆ ಗಡ್ಡೆ ಲಾರಿಯಲ್ಲಿ ಬರುವುದು ಪಂಜಾಬಿನ ಜಲಂಧರದಿಂದ, ಆದರೂ ಅದು "ನಮ್ಮ" ಹಾಸನದ ಆಲೂಗಡ್ಡೆ. ನಾನು ಬಾಯಿ ಬಿಡಲಿಲ್ಲ. ಸೊಸೆಯಾಗಿ ಇಷ್ಟು ವರ್ಷ ಸುಮ್ಮನೆ ಕಳೆದಿಲ್ಲ.

ಆಮೇಲೆ ಬೆಣ್ಣೆಯ ಜಗಳ. ಜೋಯೆಲ್ ರೊಬುಶೋನ್ ಎಂಬ ಫ್ರೆಂಚ್ ಬಾಣಸಿಗನಿಗೆ ಹೆಸರು ತಂದದ್ದೇ ಆಲೂಗಡ್ಡೆಯ ಮ್ಯಾಶ್. ಕಿಲೋ ಗಡ್ಡೆಗೆ ಕಾಲು ಕಿಲೋ ಬೆಣ್ಣೆ. ಇದನ್ನು ಯೂಟ್ಯೂಬಿನಲ್ಲಿ ಕಂಡಿದ್ದ ಯಜಮಾನರು ಬೆಣ್ಣೆಯ ಇಟ್ಟಿಗೆಯನ್ನೇ ಬಿಚ್ಚಿಟ್ಟಿದ್ದರು. ಮಗಳು ಅಪ್ಪನ ಕೊಲೆಸ್ಟರಾಲ್ ರಿಪೋರ್ಟು ತೆಗೆದಳು. ಅಳಿಯ, ನಮ್ಮಮ್ಮ ಬಿಳಿ ಮೆಣಸಿನಪುಡಿ ಹಾಕುತ್ತಾಳೆ ಎಂದ. ಮಂಗಳೂರಿನ ಗೆಳೆಯರು, ಮಾಂಸದ ಬಗ್ಗೆ ಎರಡೇ ಮಾತಾಡಿದ್ದವರು, ಆಲೂಗಡ್ಡೆಗೆ ಜಾಯಿಕಾಯಿ ತುರಿಯಿರಿ ಎಂದು ಮೂರು ವಾಯ್ಸ್ ಮೆಸೇಜು ಕಳಿಸಿದರು. ನನಗಂತೂ ಒಂದು ಚಮಚ ಎಣ್ಣೆಗೆ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಸಿಡಿಸಿ ಸುರಿದು ನಿಂಬೆಹುಳಿ ಹಿಂಡಬೇಕೆಂದು ಕೈ ತುರಿಸುತ್ತಿತ್ತು. ಬೆಂದ ಆಲೂಗಡ್ಡೆಯನ್ನು ಒಗ್ಗರಣೆ ಇಲ್ಲದೆ ನೋಡುವುದು ನನ್ನಿಂದ ಈಗಲೂ ಆಗದು.

ಬೀಗರು ಬರುವ ಹೊತ್ತಾಯಿತೆಂದು ಎಲ್ಲರೂ ಬಟ್ಟೆ ಬದಲಿಸಲು ಓಡಿದೆವು. ಗಡ್ಡೆ ಬೆಂದು, ನೀರು ಬಸಿದು, ಅರ್ಧ ಹಿಸುಕಿ ಪಾತ್ರೆಯಲ್ಲಿತ್ತು. ಅತ್ತೆ ಒಳಗೆ ಇಣುಕಿದರು. ಗಂಟು! ಹಿಟ್ಟಿನಲ್ಲಿ ಗಂಟು ಉಳಿದರೆ ಹೆಣ್ಣಿನ ಮಾನ ಹೋಗುವ ಸೀಮೆಯಿಂದ ಬಂದವರು. ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಹಿಟ್ಟಿನ ಕೋಲು ತಂದಿದ್ದರು. ಪಾತ್ರೆಯನ್ನು ನೆಲಕ್ಕಿಳಿಸಿ, ಎರಡೂ ಪಾದಗಳಿಂದ ಒತ್ತಿ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋಲನ್ನು ಎರಡು ಕೈಯಲ್ಲಿ ಹಿಡಿದು ತೊಳಸಿದರು. ತೊಳಸಿಯೇ ತೊಳಸಿದರು. ನಾನು ಬಂದು ನೋಡಿದಾಗ ಕೋಲನ್ನು ಎತ್ತಿದರೆ ಆಲೂಗಡ್ಡೆ ಅದರ ಹಿಂದೆಯೇ ಮೊಳದುದ್ದ ಎದ್ದು ಬರುತ್ತಿತ್ತು.

ರಾಗಿಗೆ ತೊಳಸಿದಷ್ಟೂ ಹದ. ಆಲೂಗಡ್ಡೆಗೆ ತೊಳಸುವುದೇ ಶಾಪ. ಜೋರು ಬಿದ್ದಂತೆ ಅದರ ಜೀವಕೋಶಗಳು ಒಡೆದು ಒಳಗಿನ ಪಿಷ್ಟ ಹೊರಗೆ ಬಂದು, ಇಡೀ ಪಾತ್ರೆ ಪೋಸ್ಟರ್ ಅಂಟಿಸುವ ಗೋಂದಾಗುತ್ತದೆ. ಅತ್ತೆಗೆ ಮಾತ್ರ ಪರಮ ಸಂತೋಷ. "ನೋಡವ್ವ, ಒಂದು ಗಂಟಿಲ್ಲ, ಹೆಂಗೆ ಹೊಳೀತಾದೆ" ಎನ್ನುತ್ತ ಕೈಗೆ ನೀರು ಹಚ್ಚಿಕೊಂಡು ಮೊದಲನೇ ಮುದ್ದೆ ಕಟ್ಟತೊಡಗಿದ್ದರು. ಮಗಳು ಬಾಗಿಲಲ್ಲಿ ನಿಂತು "ಅಜ್ಜೀ!" ಎಂದು ಕಿರುಚಿದಳು.

ಮನೆಯ ಮಾನ ಉಳಿಸಿದವನು ಅಳಿಯ. ಸ್ಟ್ಯೂವನ್ನು ಅಗಲವಾದ ತಟ್ಟೆಗೆ ಸುರಿದ. ಗೋಂದಿಗೆ ಬೆಣ್ಣೆ ಬೆರೆಸಿ ಅದರ ಮೇಲೆ ಹೊದಿಸಿ, ಫೋರ್ಕಿನಿಂದ ಉಳುಮೆ ಮಾಡಿದ ಹೊಲದಂತೆ ಗೆರೆ ಎಳೆದು, ಚೀಸ್ ಉದುರಿಸಿ, ಜೋರು ಉರಿಯ ಅವನ್‌ಗೆ ತಳ್ಳಿದ. "ಇನ್ನು ಇದು ಕಾಟೇಜ್ ಪೈ" ಎಂದ. ನಾರ್ಫೋಕಿನ ಪಾದ್ರಿ ಜೇಮ್ಸ್ ವುಡ್‌ಫೋರ್ಡ್ 1791ರಲ್ಲೇ ತನ್ನ ದಿನಚರಿಯಲ್ಲಿ ಕಾಟೇಜ್ ಪೈ ಉಂಡ ಸಂಗತಿ ಬರೆದಿಟ್ಟಿದ್ದಾನೆ. ಆ ಮೊದಲ ಪೈ ಹುಟ್ಟಿದ್ದೂ ಯಾವುದೋ ಅತ್ತೆಯ ಕೈಯಿಂದಲೇ ಇರಬೇಕೆಂದು ನನ್ನ ಗುಮಾನಿ.

ಬೀಗರು ಬಂದರು, ಉಂಡರು. ಮೇಲಿನ ಪದರ ಕೆಂಪಗೆ ಗರಿಯಾಗಿತ್ತು, ಒಳಗೆ ಜಗಿದರೆ ಸ್ವಲ್ಪ ಎಳೆದಾಡುತ್ತಿತ್ತು. ಬೀಗಿತ್ತಿ "ಲವ್ಲಿ" ಎಂದರು, ಈ ಸಲ ಕಣ್ಣೀರಿಲ್ಲದೆ. ಬೀಗರು ಮಾತು ಕಡಿಮೆಯ ಮನುಷ್ಯ. ಅಲಾಟ್‌ಮೆಂಟ್ ಎಂದು ಕರೆಯುವ ಬಾಡಿಗೆ ತೋಟದಲ್ಲಿ ತರಕಾರಿ ಬೆಳೆಯುವುದೇ ಅವರ ಲೋಕ. ಮಾತಿಗೆ ಮಾತು ಬಂದು, ಈ ಬೇಸಿಗೆ ತಮ್ಮ ಆಲೂಗಡ್ಡೆ ಗಿಡಗಳಿಗೆ ಏನೋ ಬಡಿಯಿತೆಂದು ಫೋನಿನಲ್ಲಿ ಕಪ್ಪಾದ ಎಲೆ ತೋರಿಸಿದರು. ಅತ್ತೆ ಮುದ್ದೆಯ ಕೈಯಲ್ಲೇ ಫೋನು ಎಳೆದುಕೊಂಡರು.

"ಅಂಗಮಾರಿ! ಮೋಡ ಕವಿದು ಸೋನೆ ಹಿಡೀತಾ? ಗಿಡ ಎಲ್ಲ ಕುಯ್ದು ದೂರ ಹಾಕಿ, ಹದಿನೈದು ದಿನ ಬಿಟ್ಟು ಗಡ್ಡೆ ಅಗೀಬೇಕು ಅಂತ ಹೇಳು ಮಗಾ."

ಮಗಳು ಹೇಳಿದಳು. ಬೀಗರು ಬೆರಗಾದರು. ತೋಟಗಾರಿಕೆಯ ಪುಸ್ತಕವೂ ಇದನ್ನೇ ಹೇಳುತ್ತದಂತೆ. ಇಲ್ಲಿ ಮನೆತೋಟದವರಿಗೆ ಅಂಗಮಾರಿಯ ಔಷಧಿ ಮಾರುವುದಿಲ್ಲ ಎಂದು ತಿಳಿದಾಗ, ಇದೆಂಥ ಸರ್ಕಾರ ಎಂದು ಅತ್ತೆ ಕೇಳಿದ್ದನ್ನು ಮಗಳು ಭಾಷಾಂತರ ಮಾಡಲಿಲ್ಲ. ಅಷ್ಟರಲ್ಲಿ ಬೀಗಿತ್ತಿ ಬಾಯಿ ಹಾಕಿದರು. ಅವರ ಪೂರ್ವಿಕರು ಐರ್ಲೆಂಡಿನ ಮೇಯೋ ಕಡೆಯವರು, 1845ರಿಂದಾಚೆಗೆ ಇದೇ ರೋಗ ಆಲೂಗಡ್ಡೆಯನ್ನೆಲ್ಲ ಕೊಳೆಸಿ ಹೊಟ್ಟೆಗಿಲ್ಲದಂತಾದಾಗ ಹಡಗು ಹತ್ತಿ ಇಂಗ್ಲೆಂಡಿಗೆ ಬಂದವರು. "ಇವ್ನೂ ಹಂಗೇಯ" ಎಂದರು ಅತ್ತೆ ಮಗನನ್ನು ತೋರಿಸಿ. "ಆ ವರ್ಷ ಅಂಗಮಾರಿ ಬಂದು ಬೆಳೆ ಹೋಗ್ಲಿಲ್ಲ ಅಂದಿದ್ರೆ ಹೊಲದಾಗೇ ಇರ್ತಿದ್ದ. ಇದು ಬೇಡ ಅಂತ ಓದ್ಸಿದ್ವಿ."

ಆಮೇಲೆ ಊಟದ ಮೇಜು ಕೃಷಿ ಇಲಾಖೆಯ ಸಭೆಯಾಯಿತು. ಬದು ಎಷ್ಟು ಎತ್ತರ, ಗೊಬ್ಬರ ಯಾವಾಗ, ಹಾಸನದ ಮಾರುಕಟ್ಟೆಯಲ್ಲಿ ದರ ಬೀಳುವುದು ಏಕೆ. ಬೀಗರು ಹಿಟ್ಟಿನ ಕೋಲನ್ನು ತರಿಸಿ ತಿರುಗಿಸಿ ನೋಡಿ, ಇದು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಅತ್ತೆ ಕೋಲು ಕೊಡಲಿಲ್ಲ. ಮೇ ತಿಂಗಳಲ್ಲಿ ಬಿತ್ತನೆಗೆ ಊರಿಗೇ ಬನ್ನಿ, ನಿಜವಾದ ಬೀಗರೂಟ ಅಲ್ಲೇ ಇಕ್ಕುತ್ತೇವೆ ಎಂದರು. ಬೀಗರು ಜೇಬಿನಿಂದ ಡೈರಿ ತೆಗೆದರು.

ಬೆಳಗಿನಿಂದ ಒಲೆಯ ಮುಂದೆ ನಿಂತಿದ್ದ ನಮ್ಮ ಯಜಮಾನರು ಏಪ್ರನ್ ಬಿಚ್ಚುತ್ತ, ಯಾರಿಗೆಂದಿಲ್ಲದೆ ಕೇಳಿದರು:

"ಅಲ್ಲಾ, ಮಾಂಸ ಹೆಂಗಿತ್ತು ಅಂತ ಒಬ್ರೂ ಹೇಳ್ಲಿಲ್ವಲ್ಲ?"