ಬಾಹುಸಂಧಿ ಪ್ರಕರಣ

ಕನ್ನಡದಲ್ಲಿ ಉಪಲಬ್ಧವಾಗಿರುವ ಮೊದಲ ಲಕ್ಷಣಗ್ರಂಥವಾದ ಕವಿರಾಜಮಾರ್ಗವು ಸುಮಾರು ಕ್ರಿ.ಶ. 850ರಲ್ಲಿ ನಮ್ಮ ಸೀಮೆಯ ಮಳಖೇಡದ ಆಸ್ಥಾನದಲ್ಲಿಯೇ ಹುಟ್ಟಿತು. ಶಬ್ದಗಳ ಸಂಧಿಯನ್ನು ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಸಾಂಗವಾಗಿ ನಿರೂಪಿಸಿದನು. ಆದರೆ ಜಂಪರಿನ ಮುಂಡಾಕ್ಕೆ ತೋಳು ಕೂಡುವ ಸಂಧಿಯ ವಿಷಯದಲ್ಲಿ ಪೂರ್ವಾಚಾರ್ಯರೆಲ್ಲರೂ ಮೌನ ವಹಿಸಿರುವರಾದುದರಿಂದ, ಆ ನ್ಯೂನತೆಯನ್ನು ತುಂಬುವ ಭಾರವು ಆಳಂದ, ಅಫಜಲಪುರ, ಜೇವರ್ಗಿಗಳ ಸಿಂಪಿಗರ ಮೇಲೂ, ತೊಗರಿಯ ರಾಶಿ ಮುಗಿದು ಮದುವೆಯ ದಿನಗಳು ಬರುವುದರೊಳಗೆ ಈ ವಿದ್ಯೆಯನ್ನು ಕೈವಶ ಮಾಡಿಕೊಳ್ಳಹೊರಟ ಹೆಣ್ಣುಮಕ್ಕಳ ಮೇಲೂ ಬಿದ್ದಿದೆ.

ಪ್ರಮೇಯವು ಇಂತಿರುವುದು. ಮುಂಡಾ ಒಳಕ್ಕೆ ಬಾಗಿದ ರೇಖೆ. ತೋಳಿನ ತಲೆ ಹೊರಕ್ಕೆ ಉಬ್ಬಿದ ರೇಖೆ. ಭುಜದ ದುಂಡುತನಕ್ಕೆ ಬಟ್ಟೆ ಸಾಲಬೇಕಾದರೆ ಎರಡನೆಯದು ಮೊದಲನೆಯದಕ್ಕಿಂತ ಕೊಂಚ ಉದ್ದವಾಗಿಯೇ ಇರತಕ್ಕದ್ದು. ಹೀಗೆ ಉದ್ದವಾದುದನ್ನು ಗಿಡ್ಡವಾದುದರೊಳಗೆ ಸುಕ್ಕು ಕಾಣದಂತೆ ಲೀನಗೊಳಿಸುವುದು ಅದ್ವೈತಿಗಳಿಗೂ ಸುಲಭವಲ್ಲ. ಅನುಭವಿಗಳಾದವರು ತೋಳನ್ನು ಕೆಳಗಿಟ್ಟು ಮುಂಡಾವನ್ನು ಮೇಲಿಟ್ಟು ಹೊಲಿಯುವರು. ಏಕೆಂದರೆ ಮಷೀನಿನ ಹಲ್ಲುಗಳು ಮೇಲಿನ ಬಟ್ಟೆಗಿಂತ ಕೆಳಗಿನದನ್ನು ಹೆಚ್ಚು ಆತುರದಿಂದ ಎಳೆದುಕೊಳ್ಳುವುದರಿಂದ, ಮಿಕ್ಕ ಬಟ್ಟೆ ತಾನಾಗಿಯೇ ಹೊಲಿಗೆಯೊಳಗೆ ಅಡಗುತ್ತದೆ. ಈ ಹಲ್ಲುಗಳ ಚತುರ್ವಿಧ ಚಲನೆಗೆ ಅಮೆರಿಕದ ಆಲೆನ್ ವಿಲ್ಸನ್ನನು 1854ರಲ್ಲಿ ಪೇಟೆಂಟ್ ಪಡೆದನು. ತೋಳನ್ನು ಮೇಲಿಟ್ಟು ಹೊಲಿದವರು ಅವನಿಗೆ ಏನೆನ್ನುವರೆಂಬುದನ್ನು ಗ್ರಂಥಸ್ಥಗೊಳಿಸುವುದು ಉಚಿತವಲ್ಲ.

ವೈಯಾಕರಣರಂತೆ ನಾವೂ ಇಲ್ಲಿ ಮೂರು ಸಂಧಿಗಳನ್ನು ಗುರುತಿಸಬಹುದು. ಹೊಲಿಗೆಗೆಂದು ಬಿಟ್ಟ ಅಂಚಿನ ಜೊತೆಗೆ ತೋಳಿನ ಅಗಲವೂ ನಷ್ಟವಾದರೆ ಅದು ಲೋಪ. ಅಳತೆಗೆ ಬಾರದ ಬಗಲಿನಲ್ಲಿ ಎಲ್ಲಿಯದೋ ಒಂದು ತುಂಡು ಬಂದು ಕುಳಿತರೆ ಆಗಮ. ಬಲದೋಳಿನ ಸ್ಥಾನದಲ್ಲಿ ಮತ್ತೊಂದು ಎಡದೋಳೇ ಬಂದರೆ ಆದೇಶ; ಇದೇ ಘೋರತಮವಾದುದು. ಮುಂಡಾದ ಮುಂಭಾಗವನ್ನು ಹಿಂಭಾಗಕ್ಕಿಂತ ಹೆಚ್ಚು ಕೆತ್ತಿ ಕತ್ತರಿಸುವುದು ವಾಡಿಕೆಯಾದ್ದರಿಂದ ತೋಳುಗಳೂ ಕನ್ನಡಿಯ ಬಿಂಬ-ಪ್ರತಿಬಿಂಬಗಳಾಗಿರತಕ್ಕದ್ದು. ಆದರೆ ಶಿಷ್ಯೆಯು ಎರಡು ತುಂಡುಗಳನ್ನೂ ಒಂದೇ ಮಗ್ಗುಲಾಗಿ ಹರಡಿ ಕತ್ತರಿಯಾಡಿಸಿದಳೆಂದರೆ ಎರಡು ಎಡಗೈಗಳುಳ್ಳ ಅಪೂರ್ವ ಸ್ತ್ರೀಗೆ ಯೋಗ್ಯವಾದ ಜಂಪರು ಸಿದ್ಧವಾಗುವುದು. ಒಳಹೊರಗೆಂಬ ಭೇದವಿಲ್ಲದ ಸಾದಾ ಬಟ್ಟೆಯಾದರೆ ತೋಳನ್ನು ಮಗುಚಿಬಿಟ್ಟರಾಯಿತು, ಎಡವೇ ಬಲವಾಗುವುದು. ಗುಳೇದಗುಡ್ಡದ ಖಣದಲ್ಲಿ ಈ ಉಪಾಯ ನಡೆಯದು. ಮಗುಚಿದೊಡನೆ ನೇಯ್ಗೆಯ ಹಿಂಬದಿಯ ಎಳೆಗಳು ಊರಿಗೆಲ್ಲ ಕಾಣುತ್ತವೆ.

ಇಂಥ ಸಂದರ್ಭಕ್ಕಾಗಿ ಗುರುಪರಂಪರೆಯಲ್ಲಿ ಒಂದೇ ಸೂತ್ರವುಂಟು: “ಬಿಚ್ಚವಾ.” ಇದರ ಮೇಲೆ ಭಾಷ್ಯಕಾರರಲ್ಲಿ ಮತಭೇದ. ಸುಕ್ಕು ಬಿದ್ದಷ್ಟನ್ನೇ ಬಿಚ್ಚತಕ್ಕದ್ದೆಂದು ಶಿಷ್ಯೆಯರ ಪಕ್ಷ. ಬಗಲಿನಿಂದ ಬಗಲಿನವರೆಗೆ ಪೂರ್ತಿಯಾಗಿ ಬಿಚ್ಚಿ, ನೆತ್ತಿಯ ಗುರುತನ್ನು ಭುಜದ ಹೊಲಿಗೆಗೆ ಕೂಡಿಸಿ, ಕಚ್ಚಾ ಹೊಲಿಗೆ ಹಾಕಿಕೊಂಡು ಮರಳಿ ಹೊಲಿಯತಕ್ಕದ್ದೆಂದು ಸಿದ್ಧಾಂತ. ಸೂಜಿಕಾಯಕದ ರಾಮಿತಂದೆಯಂಥ ಶರಣನನ್ನು ಪಡೆದ ನಾಡಿನಲ್ಲಿ ಹೊಲಿಯುವುದು ಕಾಯಕವೆಂಬುದು ನಿರ್ವಿವಾದ. ಹೊಲಿದುದನ್ನು ಬಿಚ್ಚುವುದೂ ಕಾಯಕವೇ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಿದಂತಿಲ್ಲ.

ಇನ್ನು ಪ್ರಮಾಣವಿಚಾರ. ಕೈ ಇಳಿಬಿಟ್ಟು ಕನ್ನಡಿಯ ಮುಂದೆ ನಿಂತರೆ ಎಂಥ ತೋಳೂ ಚೆಂದವೇ. ಆದುದರಿಂದ ಇಲ್ಲಿ ಪ್ರತ್ಯಕ್ಷವನ್ನು ನಂಬತಕ್ಕದ್ದಲ್ಲ. ಜೇವರ್ಗಿಯ ಬಸ್ಸಿನಲ್ಲಿ ನಿಂತು ಮೇಲಿನ ಕಂಬಿಯನ್ನು ಹಿಡಿದಾಗ ಬಗಲಿನಿಂದ ಹೊರಡುವ ‘ಚರ್ರ್’ ಎಂಬುದೇ ಇಲ್ಲಿ ಶಬ್ದಪ್ರಮಾಣ. ಹೊಸ ಜಂಪರು ತೊಟ್ಟವರು ದಯವಿಟ್ಟು ಮನೆಯಲ್ಲಿಯೇ ಒಮ್ಮೆ ಕೈಯೆತ್ತಿ ನೋಡಿ ಆಮೇಲೆ ಬಸ್ಸು ಹತ್ತಬೇಕಾಗಿ ವಿನಂತಿ.