ಐವರು ಸೇರಿದರೆ ಒಂದು ಕುದುರೆ

ವಸ್ತ್ರವಿನ್ಯಾಸ ಮಾಡುವವರಿಗೆ ಸಂದರ್ಶನದಲ್ಲಿ ತಪ್ಪದೆ ಬರುವ ಪ್ರಶ್ನೆ, "ನಿಮ್ಮ ಸ್ಫೂರ್ತಿ ಯಾರು?" ಪ್ಯಾರಿಸ್, ಮಿಲಾನ್ ಎಂದರೆ ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಮರ್ಯಾದೆ. ಬಿ.ಸಿ.ರೋಡಿನಲ್ಲಿ ಶಾಲಾ ವಾರ್ಷಿಕೋತ್ಸವಗಳಿಗೆ ವೇಷ ಹೊಲಿದು ಬಾಡಿಗೆಗೆ ಕೊಡುವ ನನ್ನನ್ನು ಯಾರೂ ಸಂದರ್ಶಿಸಲು ಬಂದಿಲ್ಲ. ಆದರೂ ಉತ್ತರ ತಯಾರಿದೆ: ಮೂಡುಬಿದಿರೆಯ ಚೌಟ ಅರಸರ ಅರಮನೆಯ ಕಂಬಗಳು.

ಅಲ್ಲಿ ಮರದಲ್ಲಿ ಕೆತ್ತಿದ ನವನಾರಿ ಕುಂಜರ ಉಂಟು. ಒಂಬತ್ತು ಹೆಂಗಸರು ಹೆಣೆದುಕೊಂಡು ಒಂದು ಆನೆಯಾಗಿದ್ದಾರೆ. ಐವರು ಸೇರಿ ಕುದುರೆಯಾದ ಪಂಚನಾರಿ ತುರಗವೂ ಇದೆ. ಮದುವೆಗೆ ಮೂವರು ಅಕ್ಕತಂಗಿಯರನ್ನು ಒಂದೇ ಬಣ್ಣದ ರವಕೆಗೆ ಒಪ್ಪಿಸುವಷ್ಟರಲ್ಲಿ ನನ್ನ ಗಂಟಲು ಒಣಗುತ್ತದೆ. ಈ ಪುಣ್ಯಾತ್ಮ ಶಿಲ್ಪಿ ಒಂಬತ್ತು ಮಂದಿಯನ್ನು ಒಪ್ಪಿಸಿದ್ದಾನೆ! ಸೊಂಡಿಲಾಗಲು ಯಾರು ಮುಂದೆ ಬಂದರೋ, ಹಿಂಗಾಲು ಯಾರ ಪಾಲಿಗೆ ಬಿತ್ತೋ.

ಅಲ್ಲೇ ಹತ್ತಿರ, 1430ರ ಸಾವಿರ ಕಂಬದ ಬಸದಿಯಲ್ಲಿ, ಭೈರಾದೇವಿ ಮಂಟಪದ ತಳಗಟ್ಟಿನಲ್ಲಿ ಜಿರಾಫೆ ಇದೆ, ಚೀನಾದ ಡ್ರ್ಯಾಗನ್ ಕೂಡ. ಶಿಲ್ಪಿ ಜಿರಾಫೆಯನ್ನು ಕಂಡಿರಲಾರ. ಹಡಗಿನ ವ್ಯಾಪಾರಿ ಯಾರೋ ಬಾಯಲ್ಲಿ ವರ್ಣಿಸಿರಬೇಕು ಎಂದು ನನ್ನ ಊಹೆ. ಗಿರಾಕಿ ಫೋನಿನಲ್ಲಿ "ಆ ಸಿನೆಮಾದಲ್ಲಿ ಹಾಕಿದ್ದಾಳಲ್ಲ, ಅಂಥಾದ್ದೇ, ಆದ್ರೆ ಅದಲ್ಲ" ಎಂದಾಗಲೆಲ್ಲ ಆ ಶಿಲ್ಪಿಯನ್ನು ನೆನೆದು ಕತ್ತರಿ ಎತ್ತುತ್ತೇನೆ.

ನನ್ನ ನಿಜವಾದ ಹುಚ್ಚು ಮಾತ್ರ ಚೌಕಿ, ಯಕ್ಷಗಾನದವರು ವೇಷ ಕಟ್ಟುವ ಜಾಗ. ಆಸುಪಾಸಿನಲ್ಲಿ ಧರ್ಮಸ್ಥಳ ಮೇಳದ ಆಟವಿದ್ದರೆ ಎಲ್ಲರೂ ರಂಗಸ್ಥಳದ ಮುಂದೆ ಕೂರುತ್ತಾರೆ, ನಾನು ಹಿಂದೆ ನಿಲ್ಲುತ್ತೇನೆ. ರಾಕ್ಷಸರಾಗುವ ಬಣ್ಣದ ವೇಷದವರು ಕೈಗನ್ನಡಿ ಹಿಡಿದು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚುಟ್ಟಿಯನ್ನು ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುತ್ತಾ ಹೋಗುವುದನ್ನು ನೋಡಬೇಕು. ಗಂಟೆಗಟ್ಟಲೆ ಕೆಲಸ. ಮಧ್ಯೆ ನಗುವಂತಿಲ್ಲ, ಸೀನುವಂತಿಲ್ಲ. ಆಮೇಲೆ ಸೊಂಟಕ್ಕೆ ಬಟ್ಟೆಯ ಮೇಲೆ ಬಟ್ಟೆ, ತಲೆಗೆ ಕೇಸರಿತಟ್ಟಿ ಕಿರೀಟ. ಹಗುರ ಮರಕ್ಕೆ ಬೇಗಡೆ ಹಚ್ಚಿದ ಆಭರಣಗಳು ಹತ್ತಿರದಿಂದ ನೋಡಿದರೆ ಬರೀ ಮರ, ಬರೀ ಬೇಗಡೆ. ಆದರೆ ಇದು ದೀವಟಿಗೆ ಬೆಳಕಿನ ಕಾಲದ ಲೆಕ್ಕಾಚಾರ. ಗದ್ದೆಯ ಆಚೆ ಕೊನೆಯಲ್ಲಿ ಚಾಪೆ ಹಾಕಿ ಕೂತ ಅಜ್ಜಿಗೂ ರಾಕ್ಷಸ ರಾಕ್ಷಸನಾಗಿಯೇ ಕಾಣಬೇಕು. ಈಗಿನ ವಿನ್ಯಾಸಕರು ಕ್ಯಾಮೆರಾದ ಮೂಗಿನೆದುರು ಹೊಲಿಗೆ ಹಾಕುತ್ತಾರೆ, ದೂರದ ಅಜ್ಜಿಯ ಗೊಡವೆ ಅವರಿಗಿಲ್ಲ. ಇನ್ನೊಂದು ಸೌಕರ್ಯವೆಂದರೆ ನಮ್ಮ ಕಡೆಯ ಯಕ್ಷಗಾನವಾದ ತೆಂಕುತಿಟ್ಟಿನಲ್ಲಿ ಡಯಟ್ ಎಂಬುದಿಲ್ಲ. ಕಲಾವಿದ ಕಡ್ಡಿಯಂತಿದ್ದರೂ ಸುತ್ತಿ ಸುತ್ತಿ ಮಹಿಷಾಸುರನನ್ನಾಗಿಸುತ್ತಾರೆ.

ನಮ್ಮ ಬಂಟ್ವಾಳ ತಾಲೂಕಿನ ಮಂಚಿಯ ರಂಗನಿರ್ದೇಶಕ ಬಿ.ವಿ. ಕಾರಂತರು 1979ರಲ್ಲಿ ದಿಲ್ಲಿಯಲ್ಲಿ ಮ್ಯಾಕ್‌ಬೆತನನ್ನೇ ಯಕ್ಷಗಾನದ ಧಾಟಿಯಲ್ಲಿ 'ಬರ್ನಮ್ ವನ' ಎಂದು ಕುಣಿಸಿದರು. ಅವರ ಪತ್ನಿ ಪ್ರೇಮಾ ಕಾರಂತರು ನಾಟಕಗಳ ವಸ್ತ್ರವಿನ್ಯಾಸದಲ್ಲಿ ಹೆಸರಾದವರು. ಇದನ್ನು ನಾನು ಕೇಳದವರಿಗೂ ಹೇಳುತ್ತೇನೆ.

ಬೆಳ್ತಂಗಡಿ ಕಡೆಗೆ ಹೋದರೆ ವೇಣೂರು. 1604ರ ಬಾಹುಬಲಿ, 35 ಅಡಿ. ಎಲ್ಲ ಬಿಟ್ಟು ನಿಂತವನ ಮುಂದೆ ನನ್ನ ಅಳತೆ ಟೇಪಿಗೆ ಕೆಲಸವಿಲ್ಲ. ಆದರೆ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕದಲ್ಲಿ ಹಾಲಿನ ಬಿಳಿ, ಅರಶಿನದ ಹಳದಿ, ಚಂದನದ ಕೆಂಪು ಒಂದರ ಹಿಂದೊಂದು ಇಳಿಯುವಾಗ, ಆ ಮೈಯ ಮೇಲೆ ಹೊಂದುವಂತೆ ಬಣ್ಣಗಳು ನನ್ನ ಯಾವ ರೇಷ್ಮೆಯ ಮೇಲೂ ಹೊಂದಿಲ್ಲ.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ಅಂಗಡಿಯಲ್ಲಿ ಕೂತಿರುವಾಗ ಒಬ್ಬರು ಅಮ್ಮ ಬಂದರು. ಮಗಳಿಗೆ ರಾಣಿ ಅಬ್ಬಕ್ಕನ ವೇಷ ಬೇಕು. ಅದೇ ಚೌಟರ ಮನೆತನದ ರಾಣಿ, ನನಗೆ ಉತ್ಸಾಹ ಉಕ್ಕಿತು.

"ಇಲ್ಲದಿದ್ರೆ ಝಾನ್ಸಿ ರಾಣಿದೇ ಕೊಡಿ ಮಾರಾಯ್ರೆ. ಇಬ್ಬರಿಗೂ ಕತ್ತಿ ಉಂಟಲ್ವಾ?"

"ಹಾಗಲ್ಲ ಅಕ್ಕ. ಅಬ್ಬಕ್ಕ ಪೋರ್ಚುಗೀಸರೊಟ್ಟಿಗೆ ಯುದ್ಧ ಮಾಡಿದ್ದು. ಝಾನ್ಸಿ ರಾಣಿಗಿಂತ ಹೆಚ್ಚುಕಮ್ಮಿ ಮುನ್ನೂರು ವರ್ಷ ಹಿಂದಿನವಳು."

ಅವರು ಸ್ವಲ್ಪ ಯೋಚಿಸಿದರು.

"ಅಷ್ಟು ಹಳೆಯದಾ? ಹಾಗಾದ್ರೆ ಬಾಡಿಗೆ ಸ್ವಲ್ಪ ಕಮ್ಮಿ ಮಾಡಿ."