ಜೋರಿನ ಕಾಕಾ

ನವಲಿಯಂತಹ ಬಿಸಿಲೂರಿನಲ್ಲಿ ಬೋರು ಹೊಡೆಸಿ ನೀರು ಕಂಡ ಗೃಹಸ್ಥನಿಗೆ, ಆ ಸಂತೋಷವು ಆರುವ ಮುನ್ನವೇ, ನಳದಲ್ಲಿ ಜೋರಿಲ್ಲವೆಂಬ ಎರಡನೆಯ ಚಿಂತೆಯೊಂದು ಪ್ರಾಪ್ತವಾಗುವುದುಂಟು. ಅದರ ಸುಳಿವು ಸಿಕ್ಕೊಡನೆ, ಯಾರೂ ಕರೆಯದಿದ್ದರೂ, ಕೈಯಲ್ಲೊಂದು ಪಾನಾ ಹಿಡಿದು ಪ್ರತ್ಯಕ್ಷರಾಗುವ ಮಹನೀಯರು ಓಣಿಗೊಬ್ಬರಿದ್ದಾರೆ. ನಮ್ಮ ಓಣಿಯ ಪಾಲಿಗೆ ಬಂದವರನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ವೃತ್ತಿಯ ಪ್ಲಂಬರನು ಕೂಲಿ ಎಣಿಸಿಕೊಂಡು ಹೊರಟುಹೋಗುತ್ತಾನೆ. ಕಾಕಾರದು ನಿಷ್ಕಾಮ ಕರ್ಮ, ಆದುದರಿಂದಲೇ ಅದಕ್ಕೆ ಅಂತ್ಯವೆಂಬುದಿಲ್ಲ.

ನಮ್ಮ ಬಚ್ಚಲುಮನೆಯ ನಳವು ತೊಟ್ಟಿಕ್ಕತೊಡಗಿದ ದಿನ ಅವರು ಪೈಪಿಗೆ ಕಿವಿಯಿಟ್ಟು ಕಣ್ಣುಮುಚ್ಚಿ, ಸ್ಟಾರ್ಟರಿನ ಮುಳ್ಳನ್ನು ದಿಟ್ಟಿಸಿ, ಗಂಭೀರವಾಗಿ ಅಪ್ಪಣೆ ಕೊಡಿಸಿದರು: “ದೊಡ್ಡ ಟ್ಯಾಂಕ್ ಇಟ್ರ ಜೋರು ಬರೂದಿಲ್ರೀ ಮಾಸ್ತರ್ರ, ಎತ್ತರಾ ಬೇಕು, ಎತ್ತರಾ! ಹತ್ತು ಮೀಟರ್ ಏರಿಸಿದ್ರ ಒಂದು ಕೆ.ಜಿ. ಪ್ರೆಶರ್.” ಮಾತು ಶಾಸ್ತ್ರಸಮ್ಮತವಾಗಿದ್ದುದರಿಂದ, ವಿಜ್ಞಾನದ ಮಾಸ್ತರನೆಂಬ ಬಿರುದನ್ನು ಹೊತ್ತ ನಾನು ತಲೆಯಾಡಿಸದೆ ವಿಧಿಯಿರಲಿಲ್ಲ. ಗೌಂಡಿ ಬಂದು ಟ್ಯಾಂಕನ್ನು 3 ಅಡಿ ಎತ್ತರಿಸಿದ. ಅದೇ ಶಾಸ್ತ್ರದ ಪ್ರಕಾರ ಅದರಿಂದ ದೊರೆಯತಕ್ಕದ್ದು ಕೆ.ಜಿ.ಯ ಹತ್ತರಲ್ಲೊಂದು ಪಾಲಿಗೂ ಕಡಿಮೆಯೆಂಬುದನ್ನು ಕಾಕಾ ಹೇಳಲಿಲ್ಲ, ನಾನು ಕೇಳಲಿಲ್ಲ. ತರುವಾಯ ಪೈಪಿನಲ್ಲಿ ಗಾಳಿ ಕಟ್ಟಿದೆಯೆಂದು ಏರ್‌ಪೈಪು ನಿಂತಿತು, ಅದೂ ಸಾಲದೆಂದು, ಮುಕ್ಕಾಲಿಂಚಿನ ಪೈಪನ್ನು ಕಿತ್ತು ಒಂದೂಕಾಲಿನದನ್ನು ಕೂಡಿಸಲು ಗೋಡೆ ಒಡೆಯುವ ಸಿದ್ಧತೆ ನಡೆದಿರಲಾಗಿ, ನನ್ನ ಮನೆಯಾಕೆ, “ಅಡಿಗಿಮನ್ಯಾಗ ಜೋರ ಬರತೈತಲ್ಲ, ಇದೊಂದಕ್ಕ ಯಾಕ?” ಎಂದು ನಳದ ಬಾಯಿಯ ಜಾಲರಿಯನ್ನು ತಿರುವಿ ತೆಗೆದು ಕಲ್ಲಿಗೆ ಬಡಿದಳು. ಸವಳು ಗಟ್ಟಿಯಾದ ಬಿಳಿಯ ಹರಳೂ ಒಂದಿಷ್ಟು ಮರಳೂ ಉದುರಿದವು. ನೀರು ನನ್ನ ಧೋತರದವರೆಗೂ ಚಿಮ್ಮಿತು.

ಕಾಕಾ ಎಳ್ಳಷ್ಟೂ ನಾಚಲಿಲ್ಲ. “ಹೂಳ್ರೀ, ಎಲ್ಲಾ ಹೂಳಿನ ಆಟ!” ಎಂದು ಅಲ್ಲಿಂದಲೇ ತುಂಗಭದ್ರೆಗೆ ನೆಗೆದರು. 1953ರಲ್ಲಿ ನೀರು ನಿಂತಾಗ 133 ಟಿಎಂಸಿಯಷ್ಟು ಹಿಡಿಯುತ್ತಿದ್ದ ಆ ಜಲಾಶಯದಲ್ಲಿ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿರುವುದನ್ನೂ, ಹಾಗೆ ನಷ್ಟವಾದ ನೀರನ್ನು ಹಿಡಿಯಲು ನಮ್ಮೂರ ಬಳಿಯಲ್ಲೇ ಸಮತೋಲನ ಜಲಾಶಯ ಕಟ್ಟಬೇಕೆಂಬ ಯೋಜನೆಗೆ ನೆರೆರಾಜ್ಯಗಳ ಒಪ್ಪಿಗೆ ಬೇಕಾಗಿರುವುದನ್ನೂ, ಒದ್ದೆ ಧೋತರದಲ್ಲಿ ನಿಂತೇ ನಾನು ಆಲಿಸಿದೆ.

ಮಿತವ್ಯಯ, ಮೌನ, ಇವೆರಡೂ ಅವರ ಜಾತಕದಲ್ಲಿಲ್ಲ. ಆದರೂ ಕಡುಬೇಸಗೆಯ ನಡುರಾತ್ರಿ, ಮದುವೆಮನೆಯೊಂದರ ಮೋಟಾರು ಮೊರೆಯುತ್ತ ತಿರುಗದೆ ನಿಂತಾಗ, ಬ್ಯಾಟರಿಯ ಬೆಳಕಿನಲ್ಲಿ ಕೂತು ಕೆಪಾಸಿಟರ್ ಬದಲಿಸಿ ಹಂಡೆಗಳನ್ನು ತುಂಬಿಸಿದವರು ಇವರೇ. ಕೊಟ್ಟ ಹಣವನ್ನು ಮುಟ್ಟಲಿಲ್ಲ, ಚಹಾ ಮಾತ್ರ ಎರಡು ಸಲ ಕುಡಿದರು. ಅವರ ಸ್ವಂತ ಹಿತ್ತಲಿನಲ್ಲಿ ಹೊಡೆಸಿದ ಬೋರಿನಿಂದ ಎದ್ದುದು ಬರಿಯ ಧೂಳು. ಅವರ ಮನೆಗೆ ಇಂದಿಗೂ ಓಣಿಯ ಸಿಸ್ಟನ್ನಿನಿಂದಲೇ ಕೊಡಗಳಲ್ಲಿ ನೀರು ಬರುತ್ತದೆ. ಇದನ್ನು ತಿಳಿದ ಮೇಲೆ ಅವರನ್ನು ಬಾಗಿಲಿನಿಂದಲೇ ಸಾಗಹಾಕುವ ಧೈರ್ಯ ನನಗೆ ಕುಗ್ಗಿದೆ.

ನಮ್ಮ ನಳವು ನೆಟ್ಟಗಾಯಿತೆಂಬುದನ್ನು ಅವರಿನ್ನೂ ಒಪ್ಪಿಲ್ಲ. ಆಗಾಗ ಬಂದು, ಧಾರೆಗೆ ಬೆರಳೊಡ್ಡಿ, “ಇನ್ನೂ ಬರಬೇಕ್ರಿ” ಎನ್ನುತ್ತಾರೆ. ಬರುವ ಅಮಾವಾಸ್ಯೆ ಕಳೆದೊಡನೆ ಪ್ರೆಶರ್ ಪಂಪು ಕೂಡಿಸುವುದೆಂದು ಅವರೂ, ಪಾನಾವನ್ನು ಬಚ್ಚಿಡುವುದೆಂದು ನನ್ನ ಮನೆಯಾಕೆಯೂ ನಿಶ್ಚಯಿಸಿದ್ದಾರೆ.